ತುಘಲಕನ ಮಾತಿಗೆ ಕಿವಿಗೊಡುವ ಬಗೆ

ಚಿರಂಜೀವಿ ಮಗಳಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಗಿರೀಶ ಕಾರ್ನಾಡರ ‘ತುಘಲಕ್’ (1964) ನಾಟಕದ ನಾಯಕ, ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನನ್ನು ಕುರಿತು ನೀನು ಬರೆದ ಪ್ರಬಂಧವನ್ನು ಎರಡು ಬಾರಿ ಓದಿದೆ. ಮಹಮ್ಮದನ ಕನಸುಗಳು ಯಾವುವು, ಅವು ಹೇಗೆ ಮುರಿದುಬಿದ್ದವು ಎಂಬುದನ್ನು ಕ್ರಮವಾಗಿ ಹೇಳಿರುವೆ. ಆದರೆ ಮೊದಲೇ ಮಾಡಿಕೊಂಡ ತೀರ್ಮಾನಕ್ಕೆ ಸಾಕ್ಷಿಯಾಗಿ ಮಾತ್ರ ಅವನ ಮಾತುಗಳನ್ನು ತಂದಿರುವೆ. ಯಾವ ಮಾತನ್ನಾದರೂ ಉದ್ಧರಿಸುವ ಮುನ್ನ, ಅದನ್ನು ಅವನು ಯಾರೆದುರು ಆಡಿದ, ಕೇಳಿದವರು ಏನೆಂದರು ಎಂಬುದನ್ನು ಗಮನಿಸು.

ಮೊದಲ ದೃಶ್ಯದಲ್ಲಿ ನೆರೆದ ಜನರಿಗೆ ರಾಜಧಾನಿಯು ದೆಹಲಿಯಿಂದ ದೌಲತಾಬಾದಿಗೆ ಹೋಗುವ ಸುದ್ದಿಯನ್ನು ತಿಳಿಸುವಾಗ ಅವನದು ಆಳುವವನ ದನಿ. ಎರಡನೆಯ ದೃಶ್ಯದಲ್ಲಿ ಮಲತಾಯಿ ಅವನ ನಿದ್ದೆಯ ಬಗ್ಗೆ ವಿಚಾರಿಸುತ್ತಾಳೆ, ಅಷ್ಟೇ. ಅವನಾದರೋ ಜಗತ್ತಿನ ಅತಿ ಎತ್ತರದ ಮರದ ತುದಿಗೇರಿ ತನ್ನ ಜನರನ್ನು ಕೂಗಿ ಕರೆಯಬೇಕು, ಅವರೊಡನೆ ಕೂಡಿ ನಗಬೇಕು, ಅಳಬೇಕು ಎಂದು ಹಂಬಲಿಸುತ್ತಾನೆ. ಜನರ ಜೊತೆಗಿರಲು ಬಯಸುವವನು ಅವರನ್ನು ಮರದ ತುದಿಯಿಂದ ಕರೆಯುತ್ತಾನೆ ಎಂಬುದನ್ನು ನೀನು ಗಮನಿಸಿಲ್ಲ. ಅವನೊಳಗಿನ ತಿಕ್ಕಾಟವೆಲ್ಲವೂ ನನಗೆ ಕಾಣುವುದು ಅಲ್ಲಿಯೇ. ಅವನ ಪ್ರೀತಿ ನಿಜ, ಆದರೆ ಇಳಿದು ಬರುವುದು ಅವನಿಂದಾಗದು.

ಎಂಟನೆಯ ದೃಶ್ಯವನ್ನು ನೀನು ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿರುವುದು ನನಗೆ ಬೇಸರ ತಂದಿತು. ದೌಲತಾಬಾದಿನ ಕೋಟೆಯ ಮೇಲೆ ರಾತ್ರಿ ಅವನು ಹತ್ತೊಂಬತ್ತು ವರ್ಷದ ಕಾವಲುಗಾರನೊಡನೆ ಮಾತಿಗೆ ನಿಲ್ಲುತ್ತಾನೆ. ತಾನು ಇಪ್ಪತ್ತೊಂದರ ಹರೆಯದಲ್ಲಿ ಇಲ್ಲಿಗೆ ಬಂದು ಒಂದೊಂದು ಇಟ್ಟಿಗೆಯನ್ನೂ ಮುಂದೆ ನಿಂತು ಇಡಿಸಿದ್ದನ್ನು, ಹೀಗೆಯೇ ತನ್ನ ಇತಿಹಾಸವನ್ನೂ ಕಟ್ಟುವೆನೆಂದು ಅಂದುಕೊಂಡಿದ್ದನ್ನು ಹೇಳಿಕೊಂಡು, ಇನ್ನು ಇಪ್ಪತ್ತು ವರ್ಷಗಳ ಮೇಲೆ ನೀನು ನನ್ನನ್ನು ನೆನೆಯುವೆಯಾ ಎಂದು ಕೇಳುತ್ತಾನೆ. ಹುಡುಗ ಉತ್ತರ ಕೊಡುವುದಿಲ್ಲ. ಇಡೀ ಪ್ರಜಾಸಮೂಹವನ್ನು ಕೂಗಿ ಕರೆಯಬೇಕೆಂದಿದ್ದವನ ಆಸೆ ಒಬ್ಬ ಕಾವಲುಗಾರನ ನೆನಪಿನಲ್ಲಿ ಉಳಿಯುವಷ್ಟಕ್ಕೆ ಕುಗ್ಗಿದೆ, ಅದೂ ದೊರೆಯುವುದಿಲ್ಲ. ಈ ಮೌನವೂ ಸಂಭಾಷಣೆಯ ಭಾಗವೇ ಆಗಿರುವುದರಿಂದ ಅದನ್ನೂ ವಿಶ್ಲೇಷಿಸು.

ಹತ್ತನೆಯ ದೃಶ್ಯದಲ್ಲಿ ತನ್ನ ಗುಲಾಬಿ ತೋಟದ ಬಗ್ಗೆ ಅವನು ಮಲತಾಯಿಯೊಡನೆ ಆಡುವ ಮಾತು ನಿನಗೆ ಚೆನ್ನಾಗಿ ತಿಳಿದಿದೆ. ಅಲ್ಲಿ ಕೇಳುಗರು ಬದಲಾಗುವುದನ್ನು ಮಾತ್ರ ಸೇರಿಸು. ಮಲತಾಯಿಗೆ ಮರಣದಂಡನೆ ವಿಧಿಸಿದ ಮೇಲೆ ಅವನ ಎದುರು ಮನುಷ್ಯರು ಯಾರೂ ಉಳಿಯುವುದಿಲ್ಲ. ಮೊಣಕಾಲೂರಿ, ಕೈಬಿಡಬೇಡವೆಂದು ದೇವರನ್ನೇ ಬೇಡುತ್ತಾನೆ.

‘ಮಹತ್ವಾಕಾಂಕ್ಷೆಯ ಫಲ’ ಎಂಬ ನಿನ್ನ ಶೀರ್ಷಿಕೆಯನ್ನು ತೆಗೆದುಹಾಕು. ಅದು ಯಾವ ಅರಸನಿಗಾದರೂ ಒಪ್ಪುತ್ತದೆ. ಎರಡನೆಯ ಮತ್ತು ಎಂಟನೆಯ ದೃಶ್ಯಗಳನ್ನು ಗಟ್ಟಿಯಾಗಿ ಓದಿ, ಅವೆರಡನ್ನೇ ಆಧರಿಸಿ ಪ್ರಬಂಧವನ್ನು ಮತ್ತೆ ಬರೆದು ನನಗೆ ಕಳುಹಿಸು.

ಇತಿ ನಿನ್ನ ಮಾವ