ಮಾತು ಮಾತ್ರ ಬಿಡಬೇಡ

ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದದ ಒಂದು ಸಾಲು ನನ್ನ ನಿದ್ದೆ ಕೆಡಿಸಿದೆ. "ಅಂಗಡಿಯಲ್ಲಿ ಎಲ್ಲರೂ ನಕ್ಕ ಮೇಲೆ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡ್ತೀನಿ" ಅಂತ ಬರೆದಿದ್ದೀಯ. ಓದಿದಾಗಿನಿಂದ ಅದೇ ಯೋಚನೆ.

ಗಿರಾಕಿಗೆ "ನಿಮ್ಮ ಪ್ಯಾಂಟ್ಸ್ ಚೆನ್ನಾಗಿದೆ" ಅಂದೆ, ಅಷ್ಟೇ ತಾನೆ? ನೀನಿರುವ ಇಂಗ್ಲೆಂಡಿನಲ್ಲಿ ಪ್ಯಾಂಟ್ಸ್ ಅಂದರೆ ಒಳಚಡ್ಡಿ. ನಮ್ಮ ಪ್ಯಾಂಟಿಗೆ ಅವರು ಟ್ರೌಸರ್ಸ್ ಅಂತಾರೆ. ಅದೇ ಮಾತು ಅಮೆರಿಕದಲ್ಲಿ ಆಡಿದ್ದರೆ ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದರು. ಮೈಸೂರು ರಸ್ತೆಯ ನಮ್ಮ ಗಾರ್ಮೆಂಟ್ಸ್‌ನಲ್ಲಿ ಇದು ದಿನಾ ಇದ್ದದ್ದೇ. ಆರ್ಡರ್ ಶೀಟಿನಲ್ಲಿ ವೆಸ್ಟ್ ಅಂತ ಇದ್ದರೆ ಬೈಯರ್ ಯಾವ ದೇಶದವರು ಅಂತ ಮೊದಲು ನೋಡಬೇಕು. ಇಂಗ್ಲೆಂಡಿನವರಿಗೆ ಅದು ಬನಿಯನ್, ಅಮೆರಿಕದವರಿಗೆ ಶರ್ಟಿನ ಮೇಲೆ ಹಾಕುವ ತೋಳಿಲ್ಲದ ಕೋಟು. ಸಸ್ಪೆಂಡರ್ಸ್ ಅಂತೂ ಹುಷಾರು. ಅಮೆರಿಕದಲ್ಲಿ ಅದು ಗಂಡಸರ ಭುಜದ ಪಟ್ಟಿ, ನೀನಿರುವ ಕಡೆ ಹೆಂಗಸರ ಉದ್ದ ಕಾಲುಚೀಲ ಹಿಡಿದಿಡುವ ಪಟ್ಟಿ. ಗಂಡಸರಿಗೆ ತೋರಿಸುವಾಗ ಬ್ರೇಸಸ್ ಅನ್ನು.

ಮ್ಯಾನೇಜರ್ "ಪುಲ್ ಯುವರ್ ಸಾಕ್ಸ್ ಅಪ್" ಅಂದಾಗ ನೀನು ಬಗ್ಗಿ ಕಾಲು ನೋಡಿಕೊಂಡೆಯಂತೆ. ಅದರಲ್ಲಿ ನಾಚಿಕೆ ಏನಿದೆ? ಕೆಲಸ ಇನ್ನೂ ಚೆನ್ನಾಗಿ ಮಾಡು ಅಂತ ಅರ್ಥ. ನಮ್ಮೂರಿಗೆ ಬಂದ ಇಂಗ್ಲಿಷ್ ಹುಡುಗಿಗೆ "ಟೊಂಕ ಕಟ್ಟಿ ನಿಲ್ಲು" ಅಂದರೆ ಅವಳೂ ಸೊಂಟ ಮುಟ್ಟಿ ನೋಡಿಕೊಳ್ಳುತ್ತಾಳೆ. ಅವರು ರಾತ್ರಿ ಹಾಕಿಕೊಂಡು ಮಲಗುವ ಪಜಾಮ ನಮ್ಮ ಕಡೆಯಿಂದ ಹೋದ ಮಾತು. ಎದೆಯವರೆಗೆ ಬರುವ, ಭುಜದ ಪಟ್ಟಿಯ ಪ್ಯಾಂಟು ಇದೆಯಲ್ಲ, ಆ ಡಂಗರೀಸ್‌ಗೆ ಹೆಸರು ಬಂದದ್ದು ಮುಂಬೈನ ಡೋಂಗ್ರಿಯಿಂದ. ಇದನ್ನೆಲ್ಲ ಹೇಳಿದರೆ ನಿನ್ನ ಬೇಜಾರು ಹೋಗಲ್ಲ, ಗೊತ್ತು. ಎದುರಿಗೆ ನಕ್ಕಾಗ ಮುಖ ಬಿಸಿಯಾಗುತ್ತೆ, ಆಗ ಪಜಾಮ ಕಟ್ಟಿಕೊಂಡು ಏನು ಮಾಡೋದು?

ನನ್ನ ಭಯ ಬೇರೆ. ಒಂದು ಸಲ ಇಂಗ್ಲೆಂಡಿನಿಂದ ಚೆಕಿಂಗ್‌ಗೆ ಬಂದಿದ್ದರು. ನಮ್ಮ ಲೈನಿನ ಶರ್ಟೊಂದನ್ನು ತಿರುಗಿಸಿ, ಕಾಲರ್ ಮೇಲೆ ಎದ್ದಿದ್ದ ಸಣ್ಣ ಸಣ್ಣ ಗುಳ್ಳೆಗಳನ್ನು ಬೆರಳಿನಿಂದ ಒತ್ತಿ, ಯಾಕೆ ಹೀಗೆ ಅಂತ ನನ್ನನ್ನೇ ಕೇಳಿದರು. ನನಗೆ ಗೊತ್ತಿತ್ತು. ಫ್ಯೂಸಿಂಗ್ ಮೆಷಿನ್‌ನಲ್ಲಿ ಬಿಸಿ ಸಾಲದೆ ಕಾಲರ್ ಗಟ್ಟಿಯಾಗಿರಲಿ ಅಂತ ಒಳಗೆ ಅಂಟಿಸುವ ಕ್ಯಾನ್ವಾಸ್ ಸರಿಯಾಗಿ ಅಂಟಿರಲಿಲ್ಲ, ತೊಳೆದಾಗ ಬಿಟ್ಟುಕೊಂಡಿತ್ತು. ಕನ್ನಡದಲ್ಲಿ ಕೇಳಿದ್ದರೆ ಅಲ್ಲೇ ಬಿಡಿಸಿ ತೋರಿಸುತ್ತಿದ್ದೆ. ಇಂಗ್ಲಿಷ್ ನಾಲಿಗೆಗೆ ಬರಲಿಲ್ಲ. ಪಕ್ಕದಲ್ಲಿದ್ದ ಸಾಹೇಬರು ಹೊಲಿಗೆಯವರ ತಪ್ಪು ಅಂದುಬಿಟ್ಟರು. ಹೊಲಿದ ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೂ ಎಷ್ಟೋ ವರ್ಷ ಸಾಹೇಬರುಗಳ ಬೆನ್ನ ಹಿಂದೆಯೇ ನಿಂತೆ. "ಹೀಟ್ ಲೋ" ಅಂದಿದ್ದರೂ ಸಾಕಿತ್ತಲ್ಲ ಅಂತ ಈಗಲೂ ಅನ್ನಿಸುತ್ತೆ. ನೀನೂ ಹಾಗೆ ಹಿಂದೆ ಸರಿದು ನಿಂತುಬಿಟ್ಟರೆ, ಪುಟ್ಟಿ?

ನಾನು ಹೇಳಿಕೊಡುವಷ್ಟು ತಿಳಿದವಳಲ್ಲ. ಆದರೂ ಒಂದು ಪುಸ್ತಕ ಇಟ್ಟುಕೋ. ಹೊಸ ಮಾತು ಕೇಳಿದರೆ, ಯಾರು ಯಾರಿಗೆ ಹೇಳಿದರು ಅಂತಲೂ ಬರೆದುಕೋ. ಸಾಕ್ಸ್ ಮಾತು ಮ್ಯಾನೇಜರ್ ನಿನಗೆ ಹೇಳಬಹುದು, ನೀನು ಅವರಿಗೆ ಹೇಳಿದರೆ ಕಷ್ಟ. "ಕೀಪ್ ಯುವರ್ ಶರ್ಟ್ ಆನ್" ಅಂದರೆ ಸಿಟ್ಟಾಗಬೇಡ ಅಂತ. ಸಿಟ್ಟಲ್ಲಿರುವ ಗಿರಾಕಿಗೆ ಅದನ್ನು ಹೇಳಿಬಿಟ್ಟೀಯ ಮತ್ತೆ! ಅರ್ಥ ಆಗದಿದ್ದರೆ ಅಲ್ಲೇ ಕೇಳು. ಕೇಳೋದು ಕಷ್ಟ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಆದರೂ ಕೇಳು.

ನಿನ್ನ ಜೊತೆ ಬಿಲ್ಲಿಂಗ್‌ನಲ್ಲಿ ಕೂರುವ ಹುಡುಗಿ ನಗಲಿಲ್ಲ ಅಂತ ಬರೆದಿದ್ದೆ, ಅಲ್ವಾ? ಅವಳ ಹತ್ತಿರ ಶುರು ಮಾಡು. ಹವಾಮಾನದ ಬಗ್ಗೆ ಆದರೂ ಸರಿ, ಕೇಳದಿದ್ದರೂ ನೀನೇ ಮಾತಾಡು. ಏನು ಮಾತಾಡಿದಿರಿ ಅಂತ ಮುಂದಿನ ಕಾಗದದಲ್ಲಿ ನನಗೆ ಬರಿ.

ನಿನ್ನ
ದೊಡ್ಡಮ್ಮ