ಸ್ಪ್ರಿಂಗ್ ಕಂಪ್ರೆಸರ್ ಇನ್ನು ಮನೆಗೆ ಕೊಡುವುದಿಲ್ಲ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ನವೆಂಬರ್ 10ರಿಂದ ನಮ್ಮ ಅಂಗಡಿಯ ಸ್ಪ್ರಿಂಗ್ ಕಂಪ್ರೆಸರನ್ನು, ಅಂದರೆ ಕಾರಿನ ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸಲಕರಣೆಯನ್ನು, ಮನೆಗೆ ಒಯ್ಯಲು ಕೊಡುವುದನ್ನು ನಿಲ್ಲಿಸುತ್ತಿದ್ದೇವೆ. ಒಂಬತ್ತು ವರ್ಷ ನಡೆದುಬಂದ ಪದ್ಧತಿ ಇದು. ಡೆಪಾಸಿಟ್ ಇಟ್ಟು ಒಯ್ದು, ಕೆಲಸ ಮುಗಿದ ಮೇಲೆ ಒರೆಸಿ ತಂದುಕೊಡುತ್ತಿದ್ದ ನಿಮಗೆ ಕಾರಣ ಹೇಳದೆ ನಿಲ್ಲಿಸಿದರೆ ತಪ್ಪಾಗುತ್ತದೆ.

ಕಳೆದ ಆಗಸ್ಟ್‌ನಲ್ಲಿ ಹೊಸನಗರದ ಕಡೆಯವರೊಬ್ಬರು ಕಾರಿನ ಮುಂದಿನ ಶಾಕ್ (ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್) ಬದಲಿಸಲು ಅದನ್ನು ಒಯ್ದಿದ್ದರು. ಅಂಗಳದಲ್ಲಿ ಕೂತು ಸ್ಪ್ರಿಂಗ್ ಒತ್ತುತ್ತಿದ್ದಾಗ ಒಂದು ಬದಿಯ ಕೊಕ್ಕೆ ಜಾರಿತು. ಸ್ಪ್ರಿಂಗ್ ಚಿಮ್ಮಿ ಕೊಟ್ಟಿಗೆಯ ಶೀಟಿಗೆ ಬಡಿಯಿತು. ಪಕ್ಕದಲ್ಲಿ ಕೂತು ಪಾನಾ ಎತ್ತಿಕೊಡುತ್ತಿದ್ದ ಮಗಳು ನೀರು ತರಲು ಆಗಷ್ಟೇ ಒಳಗೆ ಹೋಗಿದ್ದಳಂತೆ. ಯಾರಿಗೂ ಏನೂ ಆಗಲಿಲ್ಲ. ಅವರು ನಮ್ಮನ್ನು ಬೈಯಲೂ ಇಲ್ಲ. ಕಂಪ್ರೆಸರ್ ತಂದು ಕೌಂಟರ್ ಮೇಲಿಟ್ಟು, "ಇದನ್ನ ಇನ್ನೊಬ್ಬರಿಗೆ ಕೊಡಬೇಡಿ" ಅಂದರು. ಕೈಗೆತ್ತಿಕೊಂಡು ನೋಡಿದರೆ ಒಂದು ಸ್ಕ್ರೂವಿನ ಥ್ರೆಡ್ ಸವೆದಿತ್ತು, ಕೊಕ್ಕೆಯ ತುದಿ ಬಾಯಿ ತೆರೆದುಕೊಂಡಿತ್ತು. ತಪ್ಪು ನಮ್ಮದೇ. ಮರಳಿ ಬಂದಾಗಲೆಲ್ಲ ಎಣ್ಣೆ ಹಚ್ಚಿ ಎತ್ತಿಡುತ್ತಿದ್ದೆವೇ ಹೊರತು ಥ್ರೆಡ್ ಪರೀಕ್ಷಿಸುತ್ತಿರಲಿಲ್ಲ.

ಹೊಸದು ತಂದು ಅದನ್ನೇ ಕೊಡಬಹುದಲ್ಲ ಎಂದು ಕೆಲವರು ಕೇಳಿದರು. ಯೋಚಿಸಿದೆವು, ಮನಸ್ಸು ಒಪ್ಪಲಿಲ್ಲ. ಸಣ್ಣ ಕಾರಿನಲ್ಲೂ ಮುಂದಿನ ಒಂದೊಂದು ಸ್ಪ್ರಿಂಗ್ ಸುಮಾರು ಎರಡು ಕ್ವಿಂಟಲ್ ಹೊರುತ್ತದೆ, ಅಂದರೆ 50 ಕಿಲೋದ ನಾಲ್ಕು ಅಕ್ಕಿಮೂಟೆ. ಶಾಕ್ ಬಿಚ್ಚಲು ಅಂಥ ಸ್ಪ್ರಿಂಗನ್ನು ಒತ್ತಿ ಹಿಡಿಯಬೇಕು. ನೆಲದ ಮೇಲೆ ಉರುಳುವ ಸ್ಟ್ರಟ್‌ಗೆ (ಶಾಕ್, ಸ್ಪ್ರಿಂಗ್ ಒಂದಾಗಿರುವ ಜೋಡಣೆ) ಎರಡು ಕೊಕ್ಕೆ ಸಿಕ್ಕಿಸಿ, ಒಂದು ಸುತ್ತು ಈ ಕಡೆ, ಒಂದು ಸುತ್ತು ಆ ಕಡೆ ತಿರುಗಿಸುವಾಗ ಸ್ವಲ್ಪ ಓರೆಯಾದರೂ ಸಾಕು, ಕೊಕ್ಕೆ ಜಾರಬಹುದು. ಹೊಸ ಕಂಪ್ರೆಸರ್ ಆದರೂ ಅದು ತಪ್ಪುವುದಿಲ್ಲ.

ಹಾಗಾಗಿ ಗೋಡೆಗೆ ಬೋಲ್ಟ್ ಮಾಡಿದ, ಸುತ್ತ ಕಬ್ಬಿಣದ ಜಾಲರಿಯಿರುವ ಪ್ರೆಸ್ ಒಂದನ್ನು ಅಂಗಡಿಯಲ್ಲೇ ಕೂರಿಸಿದ್ದೇವೆ. ಸ್ಟ್ರಟ್ ಅನ್ನು ಮನೆಯಲ್ಲಿ ನೀವೇ ಬಿಚ್ಚಿ, ಇಡಿಯಾಗಿ ತನ್ನಿ. ಶಾಕ್ ನಮ್ಮಲ್ಲಿ ಕೊಂಡರೆ ಕೂಲಿ ಇಲ್ಲ, ಬೇರೆಡೆ ಕೊಂಡಿದ್ದರೆ ಬದಿಗೆ 200 ರೂಪಾಯಿ. ಬಿಚ್ಚುವ ಮೊದಲು ಬಾನೆಟ್ ಎತ್ತಿ ಸ್ಟ್ರಟ್‌ನ ಮೇಲ್ತುದಿಯ ಫೋಟೋ ವಾಟ್ಸಾಪ್ ಮಾಡಿ. ಯಾವ ನಟ್ ಬಿಚ್ಚಬೇಕು, ಯಾವುದನ್ನು ಮುಟ್ಟಬಾರದು ಎಂದು ಗುರುತು ಹಾಕಿ ಕಳಿಸುತ್ತೇವೆ. ಗಾಡಿಯಿಂದ ಗಾಡಿಗೆ ಅದು ಬೇರೆ. ಸ್ಪ್ರಿಂಗನ್ನು ಹಿಡಿದಿಟ್ಟಿರುವ ನಟ್ ಮಾತ್ರ ಮನೆಯಲ್ಲಿ ಸಡಿಲಿಸಲೇಬೇಡಿ.

ನಿಮ್ಮ ಕೈಕೆಲಸ ನಿಲ್ಲಬೇಕೆಂಬುದು ನಮ್ಮ ಆಸೆಯಲ್ಲ. ಆಲ್ಟೋ, ಹಳೆಯ ಮಾರುತಿ 800 ಇವುಗಳ ಹಿಂದಿನ ಶಾಕ್ ಸ್ಪ್ರಿಂಗ್‌ನಿಂದ ಬೇರೆಯಾಗಿಯೇ ಇದೆ, ಓಮ್ನಿಗೆ ಹಿಂದೆ ಪಟ್ಟಿ ಸ್ಪ್ರಿಂಗ್. ಅವಕ್ಕೆ ಕಂಪ್ರೆಸರ್ ಬೇಕೇ ಇಲ್ಲ, ಧೈರ್ಯವಾಗಿ ಮನೆಯಲ್ಲೇ ಬದಲಿಸಿ. ಗಾಡಿಯನ್ನು ಜಾಕ್ ಒಂದರ ಮೇಲೆಯೇ ಬಿಟ್ಟು ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ. ಆಕ್ಸಲ್‌ಗೂ ಆಸರೆ ಇರಲಿ, ಇಲ್ಲದಿದ್ದರೆ ಶಾಕ್ ಕಳಚಿದೊಡನೆ ಅದು ಜೋತುಬಿದ್ದು ಬ್ರೇಕ್ ಹೋಸ್ ಜಗ್ಗುತ್ತದೆ. ಜಾಕ್ ಸ್ಟ್ಯಾಂಡ್‌ಗಳನ್ನು ಮೊದಲಿನಂತೆ ಕೊಡುತ್ತೇವೆ. ಈಗ ಪ್ರತಿಸಲ ಪರೀಕ್ಷಿಸಿಯೇ ಕೊಡುತ್ತೇವೆ.

ಹೊಸ ಶಾಕ್ ಮೂರೇ ತಿಂಗಳಿಗೆ ಎಣ್ಣೆ ಸೋರಿತು ಎಂದು ಮರಳಿ ತಂದವುಗಳಲ್ಲಿ ಹಲವುಗಳ ರಾಡ್ ಮೇಲೆ ಇಕ್ಕಳದ ಹಲ್ಲಿನ ಗುರುತು ಕಂಡಿದ್ದೇವೆ. ರಾಡ್ ತಿರುಗುತ್ತದೆಂದು ಹೊಳೆಯುವ ಭಾಗವನ್ನು ಇಕ್ಕಳದಲ್ಲಿ ಹಿಡಿದರೆ ಗೀರು ಬೀಳುತ್ತದೆ. ಆ ಗೀರು ಮೇಲೆ ಕೆಳಗೆ ಆಡುತ್ತ ಆಯಿಲ್ ಸೀಲನ್ನು ಹರಿಯುತ್ತದೆ. ಇನ್ನೊಂದು, ರಬ್ಬರ್ ಬುಶ್ ಇರುವ ಬೋಲ್ಟನ್ನು ಚಕ್ರ ನೆಲಕ್ಕೆ ಊರಿ, ಗಾಡಿಯ ಭಾರ ಬಿದ್ದ ಮೇಲೆಯೇ ಪೂರ್ತಿ ಬಿಗಿಮಾಡಿ. ಚಕ್ರ ಜೋತುಬಿದ್ದಾಗಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಎಡ ಬಲ ಎರಡನ್ನೂ ಒಟ್ಟಿಗೆ ಬದಲಿಸಿ. ಮುಂದಿನ ಸ್ಟ್ರಟ್ ಬಿಚ್ಚಿ ಹಾಕಿದ ಮೇಲೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸಲು ಮರೆಯಬೇಡಿ.

ಹಳೆಯ ಶಾಕ್‌ನೊಳಗಿನ ಎಣ್ಣೆಯನ್ನು ದಯವಿಟ್ಟು ತೋಟದ ಕಾಲುವೆಗೆ ಸುರಿಯಬೇಡಿ. ಅದು ಹೋಗುವುದು ನಮ್ಮದೇ ಹಳ್ಳಕ್ಕೆ. ಗ್ಯಾಸ್ ತುಂಬಿದ್ದನ್ನಂತೂ ಕೊಯ್ಯಲು ಹೋಗಬೇಡಿ. ಹಾಗೇ ತಂದುಕೊಡಿ, ನಾವು ತೆಗೆದುಕೊಳ್ಳುತ್ತೇವೆ.

ಸ್ಟ್ರಟ್ ಬಿಚ್ಚಿದರೆ ಕಾರು ಮನೆಯಲ್ಲೇ ನಿಲ್ಲುತ್ತದೆ, ಸೊರಬ, ಸಿದ್ದಾಪುರದಿಂದ ಬಸ್ಸಿನಲ್ಲೇ ಬರಬೇಕಾಗುತ್ತದೆ ಎಂಬುದು ನಮಗೆ ಗೊತ್ತು. ಹಿಂದಿನ ದಿನ ಫೋನ್ ಮಾಡಿದರೆ ನಿಮ್ಮ ಗಾಡಿಯ ಶಾಕ್, ಮೌಂಟಿಂಗ್ ತೆಗೆದಿಟ್ಟಿರುತ್ತೇವೆ. ಬೆಳಿಗ್ಗೆ ಬಂದರೆ ಎರಡೂ ಬದಿ ಮುಗಿಸಿಕೊಂಡು ಮಧ್ಯಾಹ್ನದ ಬಸ್ಸಿಗೆ ಹೊರಡಬಹುದು.

ಕಂಪ್ರೆಸರ್‌ಗೆಂದು ಡೆಪಾಸಿಟ್ ಇಟ್ಟವರು ರಸೀದಿ ಕಳೆದಿದ್ದರೂ ಬನ್ನಿ. ಪುಸ್ತಕದಲ್ಲಿ ಹೆಸರಿದೆ, ಹಣ ಪೂರ್ತಿ ಮರಳಿಸುತ್ತೇವೆ.

ಇಂತಿ,
ನಿಮ್ಮ ಸ್ಪೇರ್ ಪಾರ್ಟ್ಸ್ ಅಂಗಡಿಯವರು, ಸಾಗರ