ಹಳೆಯ ನೃತ್ಯಗಳ ಕಲಿಕೆಗೂ ಶಿಬಿರ ಬೇಕು

ಮಾನ್ಯ ಸಂಪಾದಕರೇ,

ಬೇಸಿಗೆ ರಜೆಯಲ್ಲಿ ರಾಜ್ಯದ ಊರೂರಲ್ಲಿ ನೃತ್ಯ ಶಿಬಿರಗಳು ನಡೆಯುತ್ತವೆ. ಆದರೆ ಕೆಲವು ಶತಮಾನಗಳ ಹಿಂದೆ ಈ ನಾಡಿನವರು ಹೇಗೆ ನರ್ತಿಸುತ್ತಿದ್ದರೆಂಬುದನ್ನು ಗ್ರಂಥ, ಶಿಲ್ಪ ಹಾಗೂ ಗುರುಪರಂಪರೆಯ ಆಧಾರದಿಂದ ಅರಿಯಬಯಸುವವರಿಗೆ ಅವುಗಳಲ್ಲಿ ಸಿಗುವುದು ತೀರಾ ಕಡಿಮೆ.

ಆಧಾರಗಳಿಗೇನೂ ಬರವಿಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ನೃತ್ಯವಿನೋದಕ್ಕೆಂದೇ ಪ್ರತ್ಯೇಕ ಭಾಗವಿದೆ. ಶಿವಗಂಗೆಯ ಆಸುಪಾಸಿನಿಂದ ಉತ್ತರಕ್ಕೆ ಹೋದ ಪುಂಡರೀಕ ವಿಠಲ 16ನೇ ಶತಮಾನದಲ್ಲಿ ಅಕ್ಬರನ ಅಭಿರುಚಿಗಾಗಿ ಬರೆದ ‘ನರ್ತನನಿರ್ಣಯ’ವಂತೂ ನೃತ್ಯವನ್ನು ನಿಯಮಬದ್ಧವಾದ ‘ಬಂಧ’ ಮತ್ತು ಸಡಿಲವಾದ ‘ಅನಿಬಂಧ’ ಎಂದು ವಿಂಗಡಿಸಿ, ಪಾರಸಿ ಹಾಡಿಗೆ ಕುಣಿಯುತ್ತಿದ್ದ ಪ್ರಕಾರವನ್ನೂ ಬಿಡದೆ ವಿವರಿಸುತ್ತದೆ. ಮೈಸೂರಿನ ವಿದ್ವಾಂಸ ಆರ್. ಸತ್ಯನಾರಾಯಣ ಅವರು ಇದನ್ನು ಸಂಪಾದಿಸಿಕೊಟ್ಟಿದ್ದಾರೆ. ಆದರೆ ಶ್ಲೋಕವನ್ನು ಬಿಡಿಸಿ ಹೇಳಬಲ್ಲವರು ಒಂದೆಡೆ, ಅದನ್ನು ದೇಹದಲ್ಲಿ ತೋರಿಸಬಲ್ಲವರು ಇನ್ನೊಂದೆಡೆ ಉಳಿದಿರುವುದರಿಂದ ಗ್ರಂಥ ಕಪಾಟಿನಲ್ಲೇ ಇದೆ.

ಯುರೋಪಿನಲ್ಲಿ ಈ ಕೆಲಸ ಬೇರೆ ಬಗೆಯಲ್ಲಿ ಸಾಗಿದೆ. ಫ್ರಾನ್ಸಿನ ಪಾದ್ರಿ ಥ್ವಾನೊ ಆರ್ಬೊ 1589ರಲ್ಲಿ ಮುದ್ರಿಸಿದ ಕೃತಿಯಲ್ಲಿ ರಾಗದ ಸ್ವರಗಳ ಪಕ್ಕದಲ್ಲೇ ಹೆಜ್ಜೆಗಳ ಹೆಸರಿರುವುದರಿಂದ ಪವಾನ್, ಗ್ಯಾಲಿಯರ್ಡ್ ಎಂಬ ಆ ಕಾಲದ ನೃತ್ಯಗಳನ್ನು ಹವ್ಯಾಸಿಗಳೂ ಕಲಿಯಬಹುದು. ಇಂಗ್ಲೆಂಡಿನಲ್ಲಿ 1970ರಲ್ಲಿ ಹುಟ್ಟಿದ ಡಾಲ್ಮೆಚ್ ಐತಿಹಾಸಿಕ ನೃತ್ಯ ಸಂಘದಂಥವು ಬೇಸಿಗೆ ಶಾಲೆಗಳನ್ನು ನಡೆಸಿಕೊಂಡು ಬಂದಿವೆ. ನಮ್ಮ ಗ್ರಂಥಗಳಲ್ಲಿ ಹೆಜ್ಜೆಗೆ ಹೊಂದುವ ಸ್ವರಲಿಪಿ ಇಲ್ಲದಿರುವುದರಿಂದ ಇಲ್ಲಿನ ಕೆಲಸ ಹೆಚ್ಚು ಕಷ್ಟದ್ದು. ಹಾಗಾಗಿಯೇ ಸಂಸ್ಕೃತಜ್ಞರು, ಶಿಲ್ಪ ಬಲ್ಲವರು, ತಾಳವಾದ್ಯದವರು ಮತ್ತು ನರ್ತಕರು ಒಂದೇ ಕೋಣೆಯಲ್ಲಿ ಕೆಲವು ದಿನ ಕೂರಬೇಕಾಗಿದೆ. ಅಂಥ ಚರ್ಚೆಯಿಲ್ಲದ ಕಾರಣ, ಬೇಲೂರಿನ ಮದನಿಕೆಯರ ಒಂದು ಭಂಗಿಯನ್ನು ಅನುಕರಿಸಿ ಅದನ್ನೇ ‘ಹೊಯ್ಸಳ ನೃತ್ಯ’ವೆಂದು ವೇದಿಕೆಯಲ್ಲಿ ಘೋಷಿಸುವುದು ಸುಲಭವಾಗಿಬಿಟ್ಟಿದೆ. ಕಲ್ಲಿನಲ್ಲಿರುವುದು ಚಲನೆಯ ಒಂದು ಕ್ಷಣ ಮಾತ್ರ. ಅದರ ಹಿಂದುಮುಂದಿನದು ಊಹೆ ಎಂಬುದನ್ನಾದರೂ ಪ್ರೇಕ್ಷಕರಿಗೆ ತಿಳಿಸಬೇಡವೇ?

ಮೈಸೂರು ಶೈಲಿಯ ಅಭಿನಯದ ವಿಷಯದಲ್ಲಿ ತಡ ಮಾಡುವಂತಿಲ್ಲ. ಜಟ್ಟಿ ತಾಯಮ್ಮನವರಿಂದ ಕಲಿತು ಅರಮನೆಯಲ್ಲಿ ನರ್ತಿಸಿದ ಕೆ. ವೆಂಕಟಲಕ್ಷಮ್ಮನವರು 2002ರಲ್ಲಿ ತೀರಿಕೊಂಡರು. ‘ಪದ’ವೆಂಬ ಅಭಿನಯದ ಹಾಡೊಂದನ್ನು ಕುಳಿತಲ್ಲೇ ಹಲವು ಸಂಚಾರಿಗಳಲ್ಲಿ, ಅಂದರೆ ಭಾವದ ಬಗೆಬಗೆಯ ಛಾಯೆಗಳಲ್ಲಿ, ವಿಸ್ತರಿಸುವ ಆ ಕ್ರಮವನ್ನು ಅವರ ನೇರ ಶಿಷ್ಯರಿಂದಲೇ ಕಲಿಯುವ ಅವಕಾಶ ಇನ್ನೂ ಇದೆ.

ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿ ಮತ್ತು ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ಸೇರಿ ಪ್ರತಿವರ್ಷ ಹತ್ತು ದಿನಗಳ ಶಿಬಿರ ಹಾಗೂ ಅದರ ಕೊನೆಗೆ ಆಸಕ್ತರ ಸಮಾವೇಶವೊಂದನ್ನು ನಡೆಸಲೆಂದು ಕೋರುತ್ತೇನೆ. ವಿದ್ವತ್ ಪರೀಕ್ಷೆ ಪಾಸಾದವರಿಗಷ್ಟೇ ಎಂಬ ನಿಬಂಧನೆ ಹಾಕದೆ, ನೋಡಿ ತಿಳಿಯಲು ಬರುವ ನನ್ನಂಥವರಿಗೂ ಹಿಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದರೆ ಉಪಕಾರವಾದೀತು.

– ನೃತ್ಯಾಸಕ್ತ ಓದುಗ, ಮೈಸೂರು